ಎರಡನೆಯ ಗೆರೆ

ಎಂಟನೆಯ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು, ಒಂದೆಳೆ ದಾರವೂ ಅಂಟಿಲ್ಲವೆಂದು ಖಾತ್ರಿ ಮಾಡಿಕೊಂಡು ಅವಳು ಅದನ್ನು ಯಂತ್ರದ ಮೂಗಿನ ಮೇಲಿಟ್ಟಳು. ಎಡಗಣ್ಣು ಮುಚ್ಚಿ ಬಲಗಣ್ಣನ್ನು ಕೊಳವೆಗೆ ಹಚ್ಚಿದಳು. ಬಲಗೈ ತನ್ನಷ್ಟಕ್ಕೆ ತಾನೇ ಪಕ್ಕದ ಚಕ್ರದ ಮೇಲೆ ಹೋಗಿ ಕುಳಿತಿತು. ಚಕ್ರವನ್ನು ಸೊನ್ನೆಯಿಂದ ತನ್ನ ಕಡೆಗೆ ತಿರುಗಿಸುತ್ತ ಹೋದಂತೆ ಹಸಿರು ಮಬ್ಬಿನೊಳಗಿಂದ ಸಣ್ಣ ಗೆರೆಗಳು ತಲೆಯೆತ್ತಿ, ನಡುಗಿ, ನಿಂತವು. ಇನ್ನೂರು. ಅದು ಮೊದಲ ಗೆರೆ. ಇನ್ನೊಂದಿಷ್ಟು ತನ್ನ ಕಡೆಗೇ ತಿರುಗಿಸಿದಳು. ಮೊದಲ ಗೆರೆ ಕರಗಿತು. ಅದಕ್ಕೆ ಅಡ್ಡಲಾಗಿ ಎರಡನೆಯದು ಮೂಡಿತು. ಇನ್ನೂರ ಎಪ್ಪತ್ತೈದು.

"ಸರಿ ಇದೆ," ಎಂದು ತನಗೇ ಹೇಳಿಕೊಂಡು ಗಾಜನ್ನು ಬಲಗಡೆಯ ತಟ್ಟೆಯಲ್ಲಿಟ್ಟಳು.

ಕನ್ನಡಕದ ಗಾಜು ಅರೆಯುವ ಆ ಕಾರ್ಖಾನೆಯಲ್ಲಿ ಅವಳು ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿದ್ದ ಕೆಲಸ ಇದೇ. ಕಣ್ಣಿನ ಡಾಕ್ಟರು ಚೀಟಿಯಲ್ಲಿ ಎರಡು ಅಂಕಿ ಬರೆಯುತ್ತಾರೆ. ಒಂದು, ಗಾಜಿನ ಎಲ್ಲ ದಿಕ್ಕಿಗೂ ಸೇರಿದ ಗುಂಡು ಪವರು. ಇನ್ನೊಂದು, ಒಂದು ದಿಕ್ಕಿಗೆ ಮಾತ್ರ ಮೇಲಿಂದ ಬಂದು ಕೂಡುವ ಸಿಲಿಂಡರು. ಮೊದಲ ಗೆರೆ ಗುಂಡು ಪವರಿನಲ್ಲಿ ಸ್ಪಷ್ಟವಾಗಬೇಕು, ಎರಡನೆಯ ಗೆರೆ ಎರಡನ್ನೂ ಕೂಡಿಸಿದಲ್ಲಿ. ಅಷ್ಟಾದರೆ ಗಾಜು ಪಾಸು. ಅವಳು ಕೊಳವೆಯೊಳಗೆ ಕಣ್ಣಿಟ್ಟು ಕೂರುವ ಭಂಗಿ ನೋಡಿ ಯಾರೋ ಒಮ್ಮೆ 'ದುರ್ಬೀನು' ಎಂದಿದ್ದರು. ವರ್ಷ ಕಳೆದಂತೆ ಅದಕ್ಕೆ ಮರ್ಯಾದೆ ಸೇರಿಕೊಂಡು 'ದುರ್ಬೀನಕ್ಕ' ಆಗಿತ್ತು. ಸಂಬಳದ ದಿನ ಬಿಟ್ಟರೆ ಅವಳ ನಿಜವಾದ ಹೆಸರು ಅಲ್ಲಿ ಯಾರಿಗೂ ಬೇಕಾಗುತ್ತಿರಲಿಲ್ಲ.

ಆ ಕಾರ್ಖಾನೆಯಲ್ಲಿ ಒಂದು ರೂಢಿಯಿತ್ತು. ಓದುವ ಕನ್ನಡಕದ ಪ್ಲಸ್ ಗಾಜುಗಳಿಗೆ ಒಂದು ಕೋಣೆ, ದೂರ ನೋಡುವವರ ಮೈನಸ್ ಗಾಜುಗಳಿಗೆ ಇನ್ನೊಂದು. ಅವಳದು ಮೈನಸ್ ಕೋಣೆ. ಅಲ್ಲಿ ಬರುವುದೆಲ್ಲ ಮೈನಸ್ಸೇ ಆದ್ದರಿಂದ ಯಾರೂ ಆ ಚಿಹ್ನೆಯನ್ನು ಬರೆಯುತ್ತಿರಲಿಲ್ಲ. ಚುಕ್ಕಿಯನ್ನೂ ಹಾಕುತ್ತಿರಲಿಲ್ಲ. ಎರಡು ದಶಾಂಶ ಸೊನ್ನೆ ಸೊನ್ನೆ ಎಂದರೆ ಬರೀ 200. ಅಪರೂಪಕ್ಕೆ ಒಂದು ಪ್ಲಸ್ ದಾರಿ ತಪ್ಪಿ ಬಂದರೆ ಮಾತ್ರ ಅದರ ಸುತ್ತ ನೀಲಿ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದರು.

"ಮೈನಸ್ಸು ಮನೆ ಮಗಳು ಕಣಮ್ಮಾ," ಎಂದು ಅವಳು ಸೇರಿದ ಹೊಸದರಲ್ಲೇ ಮೇಸ್ತ್ರಿ ಹೇಳಿಕೊಟ್ಟಿದ್ದರು. "ಅವಳನ್ನ ಹೆಸರು ಹಿಡಿದು ಕರೀಬೇಕಾ? ನೆಂಟರು ಬಂದ್ರೆ ಮಾತ್ರ ಯಾರು, ಏನು, ಎಲ್ಲಿಂದ ಅಂತ ಕೇಳೋದು."

ಆ ಮೇಸ್ತ್ರಿಯೇ ಈ ಶನಿವಾರ ಕೆಲಸ ಬಿಟ್ಟು ಮಗಳ ಮನೆಗೆ ಹೊರಟಿದ್ದರು. ಕಿಟಕಿಯ ಪಕ್ಕ ಅವರ ಕುರ್ಚಿ. ಎಲ್ಲ ಗಾಜುಗಳೂ ಕೊನೆಗೆ ಆ ಕುರ್ಚಿಯ ಮುಂದೆ ಹೋಗಿ, ಕಾರ್ಡಿನ ಮೇಲೆ ಸಹಿ ಬಿದ್ದ ನಂತರವೇ ಹೊರಗೆ ಹೋಗಬೇಕು. ಹತ್ತೊಂಬತ್ತು ವರ್ಷ ಗೋಡೆ ನೋಡುತ್ತ ಕುಳಿತಿದ್ದ ಅವಳಿಗೆ ಆ ಕಿಟಕಿಯ ಮೇಲೆ ಮನಸ್ಸಿತ್ತು. ಯಾರಿಗೂ ಹೇಳಿರಲಿಲ್ಲ. ಆದರೆ ಹೋದ ವಾರ ಮೇಸ್ತ್ರಿ ಊಟಕ್ಕೆ ಹೋಗಿದ್ದಾಗ ಕುರ್ಚಿಯ ಅಗಲವನ್ನು ಗೇಣಿನಲ್ಲಿ ಅಳೆದು ನೋಡಿದ್ದಳು. ದಿಂಬು ಹೊಲಿಯುವುದಾದರೆ ಎರಡು ಗೇಣು, ಮೇಲೆ ನಾಲ್ಕು ಬೆರಳು.

ಒಂಬತ್ತನೆಯ ಗಾಜು ಕೈಗೆತ್ತಿಕೊಳ್ಳುವಷ್ಟರಲ್ಲಿ ಸಣ್ಣ ಯಜಮಾನಿ ಬಂದಳು. ಯಜಮಾನರ ಸೊಸೆ, ಜಡೆಯೊಳಗೆ ಸದಾ ಒಂದು ಪೆನ್ನು ಸಿಕ್ಕಿಸಿಕೊಂಡಿರುವವಳು. ಕೈಯಲ್ಲಿ ಹನ್ನೆರಡು ಗಾಜುಗಳ ತಟ್ಟೆ, ಜೊತೆಗೆ ಹೊಸ ಕಾರ್ಡುಗಳು.

"ದುರ್ಬೀನಕ್ಕ, ಇಲ್ಲಿ ನೋಡಿ. ಕಣ್ಣಿನ ಆಸ್ಪತ್ರೆಯವರು ಹೊಸ ಪದ್ಧತಿ ಕೇಳ್ತಿದ್ದಾರೆ. ಗಾಜು ನೋಡೋಕೆ ಮುಂಚೇನೇ ಎರಡನೇ ಗೆರೆ ಎಲ್ಲಿ ಬರಬೇಕು ಅಂತ ಲೆಕ್ಕ ಹಾಕಿ ಬರೀಬೇಕಂತೆ. ಆಮೇಲೆ ನೋಡೋದು. ತಾಳೆ ಆದ್ರೆ ಪಾಸು."

"ಮುಖ ನೋಡೋಕೆ ಮುಂಚೇನೇ ಮೂಗು ಹೀಗಿದೆ ಅಂತ ಬರೆಯೋದಾ?" ಎಂದರು ಕಿಟಕಿಯ ಕಡೆಯಿಂದ ಮೇಸ್ತ್ರಿ.

"ಕಣ್ಣಿಗೆ ಕಂಡಿದ್ದನ್ನೇ ಕೈ ಬರ್ದುಬಿಡಬಾರದು ಅಂತ, ಮೇಸ್ತ್ರಿ. ಇನ್ನೊಂದು ವಿಷಯ. ಮುಂದಿನ ತಿಂಗಳಿಂದ ಎರಡೂ ಕೋಣೆ ಒಂದಾಗತ್ತೆ. ಪ್ಲಸ್ಸು ಮೈನಸ್ಸು ಎಲ್ಲ ಒಂದೇ ತಟ್ಟೇಲಿ ಬರತ್ತೆ. ಹಾಗಾಗಿ ಚಿಹ್ನೆ ಬರೀಲೇಬೇಕು."

ಕಾರ್ಡಿನ ಮೇಲೆ ಮೂರು ಸಾಲು ಅಚ್ಚಾಗಿದ್ದವು. ಗ = ಎಂದು ಒಂದು, ಸ = ಎಂದು ಒಂದು. ಮೊದಲೆರಡನ್ನು ಸಣ್ಣ ಯಜಮಾನಿಯೇ ತುಂಬಿದ್ದಳು. ಮೂರನೆಯದರಲ್ಲಿ ಗ + ಸ = ಎಂದಿತ್ತು, ಮುಂದೆ ಖಾಲಿ.

"ಗ ಅಂದ್ರೆ ಗುಂಡು ಪವರ್, ಸ ಅಂದ್ರೆ ಸಿಲಿಂಡರ್. ಅಕ್ಷರದ ಜಾಗದಲ್ಲಿ ಅಂಕಿ ಇಟ್ಟು ಕೂಡಿಸಿದ್ರೆ ಆಯ್ತು," ಎಂದು ಹೇಳಿ ಸಣ್ಣ ಯಜಮಾನಿ ದನಿ ತಗ್ಗಿಸಿದಳು. "ಮೇಸ್ತ್ರಿ ಕುರ್ಚಿಗೆ ಮಾವನವರು ನಿಮ್ಮ ಹೆಸರೇ ಹೇಳಿದ್ದಾರೆ. ಆದ್ರೆ ಸಹಿ ಹಾಕೋರು ಈ ಕಾರ್ಡನ್ನ ತಪ್ಪಿಲ್ಲದೆ ತುಂಬಬೇಕು ಅಂತ ಆಸ್ಪತ್ರೆಯವರ ಹಟ. ಇಲ್ದಿದ್ರೆ ಹೊರಗಿಂದ ಡಿಪ್ಲೊಮಾ ಆದೋರನ್ನ ಕರೆಸಬೇಕು. ಶುಕ್ರವಾರ ಹೆಸರು ಕಳಿಸ್ತೀನಿ. ಇವತ್ತು ಮಂಗಳವಾರ. ಇದೊಂದು ತಟ್ಟೆ ಮಾಡಿಕೊಡಿ, ಸಾಕು. ನಿಮಗೇನು ಹೊಸದಾ!"

ಹೊಸದೇನೂ ಅಲ್ಲ ಎಂದೇ ಅವಳೂ ಅಂದುಕೊಂಡಳು. ಮೊದಲ ಕಾರ್ಡು ತೆಗೆದಳು. ಗ = −200. ಸ = −75.

ಪೆನ್ನು ನಿಂತಿತು.

ಅಂಕಿಗಳು ದಿನವೂ ನೋಡಿದವೇ. ಆದರೆ ಅವುಗಳ ಮುಂದೆ ಆ ಅಡ್ಡಗೆರೆಗಳು ಹೀಗೆ ಎದ್ದು ನಿಂತಿರುವುದನ್ನು ಅವಳು ನೋಡಿ ಇಪ್ಪತ್ತೇಳು ವರ್ಷವಾಗಿತ್ತು. ಅಕ್ಷರಗಳ ಜಾಗದಲ್ಲಿ ಅಂಕಿ ಇಟ್ಟಳು: −200 + −75. ನೋಡುತ್ತಿದ್ದಂತೆ ಶಾಲೆಯ ಆ ಉದ್ದನೆಯ ಕೋಣೆ, ಬೆಂಚಿನ ತುದಿಯ ಮೊಳೆ, ಗಣಿತದ ಮೇಷ್ಟ್ರ ಕೈಯ ಅಡಿಕೋಲು ಎಲ್ಲ ಎದುರಿಗೆ ಬಂದವು. ನಲವತ್ತು ಹುಡುಗಿಯರು ರಾಗವಾಗಿ ಕೂಗುತ್ತಿದ್ದರು. ಮೈನಸ್ ಮೈನಸ್ ಪ್ಲಸ್, ಮೈನಸ್ ಮೈನಸ್ ಪ್ಲಸ್. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಪೀರಿಯಡ್ಡು ಮುಗಿಯುವವರೆಗೂ ನಿಂತಿದ್ದಳು. ಆಮೇಲೆ ಕೇಳಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಉಳಿದದ್ದೆಲ್ಲ ಪಾಸು, ಗಣಿತದಲ್ಲಿ ಆರು ಅಂಕ ಕಡಿಮೆ. ಮದುವೆಯ ಮಾತು ಬಂದಾಗ ಅವಳ ಅಮ್ಮ, "ಶಾಲೆ ಪಾಸಾಗಿದ್ದಾಳೆ," ಎಂದು ಹೇಳಿಬಿಟ್ಟಿದ್ದಳು. ಅವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು, ಅಲ್ಲವೆಂದಿರಲಿಲ್ಲ. ಗಂಡನ ಮನೆಯಲ್ಲಿ ಅದನ್ನು ಯಾರೂ ಮತ್ತೆ ಕೇಳಲೂ ಇಲ್ಲ.

ಎರಡು ಮೈನಸ್ಸು. ಹಾಗಾದರೆ ಪ್ಲಸ್ಸು. +275 ಎಂದು ಬರೆದಳು.

ಗಾಜನ್ನು ಯಂತ್ರದ ಮೇಲಿಟ್ಟು ಚಕ್ರ ತಿರುಗಿಸಿದಳು. ಎರಡನೆಯ ಗೆರೆ ಎಂದಿನಂತೆ ತನ್ನ ಕಡೆಗೇ ಬಂದು ನಿಂತಿತು. ಮೈನಸ್ ಇನ್ನೂರ ಎಪ್ಪತ್ತೈದು. ಕಾಗದದಲ್ಲಿ ಪ್ಲಸ್. ಒರೆಸಿ ಮತ್ತೆ ನೋಡಿದಳು. ಅದೇ. ಕೈ ಸುಳ್ಳೋ, ಕಾಗದ ಸುಳ್ಳೋ? ಕೈ ಏನು, ಶಾಲೆಗೆ ಹೋದದ್ದಲ್ಲ. ಕಾಗದ ಓದಿದವರು ಮಾಡಿದ್ದು. ಗಾಜನ್ನು ಎಡಗಡೆಯ, ತಿರಸ್ಕಾರದ ತಟ್ಟೆಯಲ್ಲಿಟ್ಟಳು. ಎರಡನೆಯ ಕಾರ್ಡು, ಅದೇ ಕತೆ. ಮೂರನೆಯದು, ಅದೇ. ಹನ್ನೆರಡು ಮುಗಿಯುವಾಗ ಬೆನ್ನಿಗೆ ಬಟ್ಟೆ ಅಂಟಿಕೊಂಡಿತ್ತು. ಎಡಗಡೆ ಹನ್ನೊಂದು ಗಾಜು, ಬಲಗಡೆ ಒಂದು. ಆ ಒಂದರಲ್ಲಿ ಸಿಲಿಂಡರೇ ಇರಲಿಲ್ಲ, ಸ = 0. ಸೊನ್ನೆಯೊಂದು ಅವಳ ಮಾನ ಉಳಿಸಿತ್ತು.

ಮೊದಲು ಬಂದವನು ಉಜ್ಜಣ್ಣ. ಗಾಜು ಉಜ್ಜುವುದೇ ಅವನ ಕೆಲಸ, ಅದಕ್ಕೇ ಆ ಹೆಸರು. ತಿರಸ್ಕಾರದ ತಟ್ಟೆ ನೋಡಿ ಅವನ ಕಣ್ಣು ಹಣೆಗೇರಿತು.

"ಹನ್ನೊಂದಾ? ಹನ್ನೆರಡರಲ್ಲಿ ಹನ್ನೊಂದಾ ದುರ್ಬೀನಕ್ಕ? ಹಾಗಾದ್ರೆ ನನ್ನ ಕೈ ಕತ್ತರಿಸಿ ಅದನ್ನೂ ಆ ತಟ್ಟೇಲೇ ಇಟ್ಬಿಡಿ!"

"ಕಾರ್ಡಿನ ಪ್ರಕಾರ..." ಎಂದಳು ಅವಳು. ದನಿ ಅವಳಿಗೇ ಕೇಳಿಸಲಿಲ್ಲ.

ಮೇಸ್ತ್ರಿ ಎದ್ದು ಬಂದು ತಟ್ಟೆಯಿಂದ ಒಂದು ಗಾಜು ತೆಗೆದರು. ಕಿಟಕಿಯ ಸರಳಿನ ಮುಂದೆ ಹಿಡಿದು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರು. ಗಾಜಿನೊಳಗಿನ ಸರಳು ಗಾಜಿನ ಜೊತೆಗೇ ಮೇಲೆ ಕೆಳಗೆ ಹೋಯಿತು. ಪ್ಲಸ್ ಆಗಿದ್ದರೆ ಅದು ವಿರುದ್ಧ ದಿಕ್ಕಿಗೆ ಓಡುತ್ತಿತ್ತು. ಕೋಣೆಯಲ್ಲಿದ್ದ ಮೂವರಿಗೂ ಅದು ಗೊತ್ತಿತ್ತು. ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ಇದು ಪ್ಲಸ್ಸೇನಮ್ಮಾ?" ಎಂದರು ಮೇಸ್ತ್ರಿ, ಮೆತ್ತಗೆ.

ಅವಳು ಕಾರ್ಡುಗಳನ್ನು ಜೋಡಿಸಿ ಮೇಜಿನ ತುದಿಗೆ ತಳ್ಳಿದಳು.

ಗಲಾಟೆ ಕೇಳಿ ಬಂದ ಸಣ್ಣ ಯಜಮಾನಿ ಕಾರ್ಡುಗಳನ್ನು ತಿರುವಿ ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಪರವಾಗಿಲ್ಲ, ನಾಳೆ ಇನ್ನೊಂದು ತಟ್ಟೆ ಕೊಡ್ತೀನಿ," ಎಂದಳು. "ಆದ್ರೆ ನಾಳೆಯದೇ ಕೊನೇದು, ಅಕ್ಕ. ನನ್ನ ಕೈಯಲ್ಲೂ ಇಲ್ಲ."

*

ಸಂಜೆ ಅಡುಗೆಮನೆಯಲ್ಲಿ ಅವಳೂ ನಾದಿನಿಯೂ ಎದುರು ಬದುರು ಕುಳಿತು ಬಟಾಣಿ ಬಿಡಿಸುತ್ತಿದ್ದರು. ಗಂಡ ಬಸ್ಸಿನ ಡ್ರೈವರು, ಆ ವಾರ ಅವನಿಗೆ ಸಂಜೆಯ ಪಾಳಿ. ಗಂಡನ ತಂಗಿ ಹತ್ತಿರದ ಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು. ಮದುವೆ ಬೇಡವೆಂದು ಅಣ್ಣನ ಮನೆಯಲ್ಲೇ ಉಳಿದವಳು. ಒಳ್ಳೆಯವಳೇ. ಆದರೆ ಹಾಲಿನವನು ಲೆಕ್ಕ ಹೇಳಿ ಮುಗಿಸುವ ಮೊದಲೇ ಉತ್ತರ ಹೇಳಿ ಹುಬ್ಬು ಕುಣಿಸುವುದು ಅವಳ ಚಾಳಿ. ಇಪ್ಪತ್ತೆರಡು ವರ್ಷಗಳಲ್ಲಿ ಅತ್ತಿಗೆ ಅವಳ ಮುಂದೆ ಒಂದು ಅಂಕಿಯನ್ನೂ ಬಾಯಿ ಬಿಟ್ಟು ಕೂಡಿಸಿರಲಿಲ್ಲ.

"ಟೀಚರಮ್ಮಾ," ಎಂದಳು ಅವಳು, ಬಟಾಣಿಯ ಸಿಪ್ಪೆಯನ್ನೇ ನೋಡುತ್ತ. "ನಿನ್ನ ಶಾಲೆ ಮಕ್ಕಳಿಗೆ ಮೈನಸ್ಸಿಗೆ ಮೈನಸ್ ಕೂಡಿಸೋದು ಬರತ್ತಾ?"

"ಅಯ್ಯೋ, ಆ ಸುದ್ದಿ ಎತ್ತಬೇಡಿ ಅತ್ತಿಗೆ! ಇವತ್ತು ತಾನೇ ಗಂಟಲು ಹರ್ಕೊಂಡು ಬಂದಿದ್ದೀನಿ. ಬೀಜೋಕ್ತಿ ಬರ್ದು ಅಕ್ಷರದ ಜಾಗದಲ್ಲಿ ಬೆಲೆ ಹಾಕ್ರೋ ಅಂದ್ರೆ, ಅರ್ಧ ಕ್ಲಾಸು ಮೈನಸ್ ಮೂರಕ್ಕೆ ಮೈನಸ್ ನಾಲ್ಕು ಕೂಡಿಸಿ ಪ್ಲಸ್ ಏಳು ಅಂತ ಬರ್ದಿದೆ. ಯಾಕ್ರೋ ಅಂದ್ರೆ, ಮೈನಸ್ ಮೈನಸ್ ಪ್ಲಸ್ ಅಲ್ವಾ ಮಿಸ್ ಅಂತಾರೆ."

ಅವಳ ಕೈಯಿಂದ ಎರಡು ಬಟಾಣಿ ಜಾರಿ ನೆಲಕ್ಕೆ ಬಿದ್ದವು. ಅರ್ಧ ಕ್ಲಾಸು! ಇಷ್ಟು ಹೊತ್ತು ಜಗತ್ತಿನಲ್ಲಿ ತಾನೊಬ್ಬಳೇ ಎಂದುಕೊಂಡಿದ್ದಳು.

"ಅಲ್ವಾ ಮತ್ತೆ?" ಎಂದಳು.

"ಅಲ್ಲ! ಅದು ಗುಣಿಸುವಾಗ. ಕೂಡಿಸೋವಾಗ ಎರಡೂ ಒಂದೇ ಚಿಹ್ನೆ ಇದ್ರೆ, ಅಂಕಿ ಕೂಡಿಸಿ ಅದೇ ಚಿಹ್ನೆ ಹಾಕ್ಬೇಕು. ಅಷ್ಟೇ."

"ಯಾಕೆ?"

"ಯಾಕೆ ಅಂದ್ರೆ... ಅದು ನಿಯಮ."

ಕೇಳಿದರೆ ನಿಲ್ಲಿಸುವ ಮೇಷ್ಟ್ರು ಇಲ್ಲಿರಲಿಲ್ಲ. ಕಾಲು ಚಾಚಿ ಕುಳಿತ ನಾದಿನಿ ಇದ್ದಳು. ಅವಳ ಮೂಗಿನ ಮೇಲಿದ್ದ ಕನ್ನಡಕದ ಗಾಜನ್ನು ಪಾಸು ಮಾಡಿದ್ದು ತಾನೇ. ಒಂದು ನೂರೈವತ್ತು, ಮೇಲೆ ಐವತ್ತು, ಎರಡನೆಯ ಗೆರೆ ಇನ್ನೂರಕ್ಕೆ. ತಿರುಗಿಸಿದ ಕೈಗೆ ನೆನಪಿತ್ತು. ಕೈಗೆ ನೆನಪಿದೆ ಎಂದುಕೊಂಡ ಕೂಡಲೇ ಅವಳು ಎದ್ದು, ಉಪ್ಪಿನ ಡಬ್ಬಿಯ ದುಂಡನೆಯ ತಗಡಿನ ಮುಚ್ಚಳ ತಿರುಚಿ ತೆಗೆದು ತಂದಳು. ಅದನ್ನು ನೆಲದ ಮೇಲೆ ಅಂಗಾತ ಇಟ್ಟು, ಅಂಚಿನಲ್ಲಿ ಸೀಮೆಸುಣ್ಣದಿಂದ ಒಂದು ಗುರುತು ಹಾಕಿದಳು. ಗುರುತಿಗೆ ಎದುರಾಗಿ ನೆಲದ ಮೇಲೂ ಒಂದು.

"ಇದು ಸೊನ್ನೆ. ನನ್ನ ಯಂತ್ರದಲ್ಲೂ ಹೀಗೇ ಒಂದು ಚಕ್ರ ಇದೆ. ಆ ಕಡೆ ತಿರುಗಿಸಿದ್ರೆ ಪ್ಲಸ್. ನನ್ನ ಕಡೆ ತಿರುಗಿಸಿದ್ರೆ ಮೈನಸ್. ಈಗ ಮೈನಸ್ ಮೂರು." ಮುಚ್ಚಳವನ್ನು ತನ್ನ ಕಡೆಗೆ ಮೂರು ಬೆರಳಿನಷ್ಟು ತಿರುಗಿಸಿದಳು. "ಇದಕ್ಕೆ ಮೈನಸ್ ನಾಲ್ಕು ಕೂಡ್ಸು ಅಂದ್ರೆ, ನಿಂತಲ್ಲಿಂದ ಇನ್ನೂ ನಾಲ್ಕು ನನ್ನ ಕಡೆಗೇ." ತಿರುಗಿಸಿದಳು. "ಏಳು ಆಯ್ತು. ಎಲ್ಲಿದೆ ನೋಡು. ನನ್ನ ಕಡೇನೇ ಇದೆ. ಸೊನ್ನೆ ದಾಟಿ ಆ ಕಡೆ ಓಡಿಹೋಗೋಕೆ ಇದಕ್ಕೇನು ತಲೆ ಕೆಟ್ಟಿದ್ಯಾ?"

ತನ್ನ ಬಾಯಿಂದ ಬಂದ ಮಾತನ್ನು ಅವಳು ತಾನೇ ಕೇಳಿಸಿಕೊಂಡಳು. ಹತ್ತೊಂಬತ್ತು ವರ್ಷ, ದಿನಕ್ಕೆ ನೂರು ಸಲ, ಅವಳು ಈ ಲೆಕ್ಕವನ್ನು ಮಾಡುತ್ತಲೇ ಬಂದಿದ್ದಳು. ಅದಕ್ಕೆ ಬೀಜೋಕ್ತಿ ಎಂಬ ದೊಡ್ಡ ಹೆಸರಿದೆಯೆಂದು ಗೊತ್ತಿರಲಿಲ್ಲ, ಅಷ್ಟೇ.

ನಾದಿನಿ ಬಟಾಣಿ ಬಿಡಿಸುವುದನ್ನು ಮರೆತು ಮುಚ್ಚಳವನ್ನೇ ನೋಡುತ್ತಿದ್ದಳು. ಅವಳ ಹುಬ್ಬು ಕುಣಿಯಲಿಲ್ಲ.

"ಅತ್ತಿಗೆ, ಈ ಮುಚ್ಚಳ ನಾಳೆ ಶಾಲೆಗೆ ತಗೊಂಡು ಹೋಗ್ಲಾ?"

"ಉಪ್ಪು?"

"ಒಂದು ದಿನ ತಟ್ಟೆ ಮುಚ್ಚಿಡಿ. ಅರ್ಧ ಕ್ಲಾಸಿನ ಭವಿಷ್ಯದ ಪ್ರಶ್ನೆ!"

ಇಬ್ಬರೂ ನಕ್ಕರು. ಆಮೇಲೆ ನಾದಿನಿಗೆ ಹುರುಪು ಬಂತು. ಹಳೆಯ ನೋಟುಬುಕ್ಕಿನ ಹಾಳೆ ಹರಿದು ಲೆಕ್ಕ ಕೊಡತೊಡಗಿದಳು. "ಗ ಮೈನಸ್ ನಾಲ್ಕು, ಸ ಮೈನಸ್ ಏಳು. ಗ ಪ್ಲಸ್ ಸ?"

"ಮೈನಸ್ ಹನ್ನೊಂದು."

"ಗ ಮೈನಸ್ ಐದು, ಸ ಪ್ಲಸ್ ಎರಡು?"

ಅವಳು ಗಾಳಿಯಲ್ಲೇ ಚಕ್ರ ತಿರುಗಿಸಿದಳು. ಐದು ಈ ಕಡೆ, ಎರಡು ವಾಪಸ್ಸು. "ಮೈನಸ್ ಮೂರು."

"ಬರೀವಾಗ ಒಂದು ಜ್ಞಾಪಕ ಇಟ್ಕೊಳ್ಳಿ. ಅಕ್ಷರ ಎದ್ದು ಹೋದ ಜಾಗದಲ್ಲಿ ಅಂಕಿ ಬಂದು ಕೂರುವಾಗ ಅದರ ಚಿಹ್ನೇನೂ ಜೊತೇಲೇ ಬರಬೇಕು. ಅದಕ್ಕೇ ಎರಡಕ್ಕೂ ಸೇರಿಸಿ ಆವರಣ ಹಾಕೋದು. ಹೀಗೆ." ಅವಳು ಬರೆದಳು: (−4) + (−7). "ಆಗ ಮಧ್ಯದ ಪ್ಲಸ್ಸು ಯಾರದು, ಏಳರ ಮೈನಸ್ಸು ಯಾರದು ಅಂತ ಜಗಳ ಬರಲ್ಲ."

"ಓ, ಮಧ್ಯದ್ದು ಕೂಡ್ಸು ಅನ್ನೋ ಮಾತು. ಒಳಗಿಂದು ಯಾವ ಕಡೆ ಅನ್ನೋ ಮಾತು."

"ಅತ್ತಿಗೆ! ಇದನ್ನ ನಾನು ಯಾವತ್ತೂ ಹೀಗೆ ಹೇಳಿಲ್ಲ ನೋಡಿ." ನಾದಿನಿ ಇನ್ನೊಂದು ಬರೆದಳು, ಕಣ್ಣಲ್ಲಿ ಸ್ವಲ್ಪ ತುಂಟತನ. "ಇದು ಮಾಡಿ. ಗ ಪ್ಲಸ್ ಗ ಪ್ಲಸ್ ಸ. ಗ ಮೈನಸ್ ಮೂರು, ಸ ಮೈನಸ್ ನಾಲ್ಕು."

"ಮೂರು, ಮತ್ತೆ ಮೂರು, ಮತ್ತೆ ನಾಲ್ಕು. ಎಲ್ಲಾ ನನ್ನ ಕಡೇನೇ. ಮೈನಸ್ ಹತ್ತು. ಇನ್ನೊಂದು ಕೊಡು."

ಕುಕ್ಕರಿನ ಸೀಟಿ ಮೂರಾಗಿ ನಾಲ್ಕಾಯಿತು. ಇಬ್ಬರಿಗೂ ಕೇಳಿಸಲಿಲ್ಲ. ಅನ್ನ ಮುದ್ದೆಯಾಯಿತು. ಹಾಳೆಯ ಎರಡೂ ಬದಿ ತುಂಬಿದ ಮೇಲೆ ನಾದಿನಿ ಪೆನ್ನು ಕೆಳಗಿಟ್ಟು ಕೇಳಿದಳು, "ಶಾಲೇಲಿ ಗಣಿತ ಚೆನ್ನಾಗಿತ್ತು ಅನ್ಸತ್ತೆ ನಿಮ್ಮದು?"

ಅವಳು ಸಿಪ್ಪೆಗಳನ್ನು ಒಟ್ಟು ಮಾಡಿ ಎದ್ದಳು. "ಆಗ ಈ ಮುಚ್ಚಳ ಇರಲಿಲ್ಲ," ಎಂದಳು.

ನಾದಿನಿ ಅವಳ ಬೆನ್ನನ್ನೇ ಒಂದು ಗಳಿಗೆ ನೋಡಿದಳು. ತನ್ನ ಚೀಲದಿಂದ ಗಣಿತದ ಪುಸ್ತಕವೊಂದನ್ನು ತೆಗೆದು ಅಡುಗೆಕಟ್ಟೆಯ ಮೂಲೆಯಲ್ಲಿಟ್ಟು, "ನನ್ನ ಹತ್ತಿರ ಇನ್ನೊಂದು ಪ್ರತಿ ಇದೆ," ಎಂದು ಹೇಳಿ ಕೈ ತೊಳೆಯಲು ಹೋದಳು.

*

ಬುಧವಾರದ ತಟ್ಟೆಯಲ್ಲೂ ಹನ್ನೆರಡೇ ಗಾಜು. ಈ ಸಲ ಸಣ್ಣ ಯಜಮಾನಿ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತಳು. ಉಜ್ಜಣ್ಣ ನೀರು ಕುಡಿಯುವ ನೆಪದಲ್ಲಿ ಬಾಗಿಲಿಗೆ ಬಂದು ನಿಂತ. ಒಂದು ಲೋಟ ನೀರು ಕುಡಿಯಲು ಅಷ್ಟು ಹೊತ್ತು ಹಿಡಿಯುವುದನ್ನು ಆ ಕೋಣೆ ಹಿಂದೆಂದೂ ಕಂಡಿರಲಿಲ್ಲ.

ಅವಳು ಗಾಜುಗಳನ್ನು ಮುಟ್ಟಲಿಲ್ಲ. ಮೊದಲು ಹನ್ನೆರಡು ಕಾರ್ಡುಗಳನ್ನೂ ತುಂಬಿದಳು. ಆವರಣ ಹಾಕಿ, ಚಿಹ್ನೆ ಹಾಕಿ, ಒಂದೊಂದಕ್ಕೂ ಮನಸ್ಸಿನಲ್ಲೇ ಉಪ್ಪಿನ ಮುಚ್ಚಳ ತಿರುಗಿಸುತ್ತ. (−150) + (−100) = −250. (−325) + (−50) = −375. ಬರೆಯುತ್ತ ಹೋದಂತೆ ಆ ಹಳೆಯ ಕೋಣೆಯ ಕೂಗು ಸಣ್ಣಗಾಗುತ್ತ ಬಂತು. ಐದನೆಯ ಕಾರ್ಡಿಗೆ ಬರುವಷ್ಟರಲ್ಲಿ ಅವಳಿಗೆ ಬೆಂಚಿನ ಮೊಳೆಯೊಂದೇ ನೆನಪಿತ್ತು.

ಒಂಬತ್ತನೆಯ ಕಾರ್ಡಿನಲ್ಲಿ ಅವಳು ಬರೆಯುವುದನ್ನು ನಿಲ್ಲಿಸಿದಳು. ಗ = −100. ಸ = +50. ಪ್ಲಸ್ಸಿನ ಸುತ್ತ ನೀಲಿ ಸುತ್ತು ಇರಲಿಲ್ಲ. ಹೊಸ ಕಾರ್ಡಿನಲ್ಲಿ ಅದನ್ನು ಹಾಕುವ ಪದ್ಧತಿಯೇ ಇರಲಿಲ್ಲ. ನೂರು ತನ್ನ ಕಡೆ, ಐವತ್ತು ವಾಪಸ್ಸು. (−100) + (+50) = −50 ಎಂದು ಬರೆದು ಮುಂದೆ ಹೋದಳು.

ಆಮೇಲೆ ಗಾಜುಗಳು. ಒಂದರಿಂದ ಎಂಟು, ಕಾಗದ ಹೇಳಿದಲ್ಲೇ ಗೆರೆ ಬಂದು ನಿಂತಿತು. ಕೈಯೂ ಕಾಗದವೂ ಮುನಿಸು ಮರೆತ ಗಂಡ ಹೆಂಡಿರ ಹಾಗೆ ಒಂದೇ ಮಾತಾಡುತ್ತಿದ್ದವು. ಒಂಬತ್ತನೆಯದನ್ನು ಇಟ್ಟು ಚಕ್ರ ತಿರುಗಿಸಿದಳು. ಐವತ್ತರಲ್ಲಿ ಬರೀ ಹಸಿರು ಮಬ್ಬು. ನೂರರಲ್ಲಿ ಒಂದು ಗೆರೆ ಬಂತು. ಇನ್ನೊಂದು ಬಂದದ್ದು ನೂರೈವತ್ತರಲ್ಲಿ.

ಮತ್ತೊಮ್ಮೆ ಒರೆಸಿದಳು, ಮತ್ತೊಮ್ಮೆ ನೋಡಿದಳು. ಕಾರ್ಡಿನಲ್ಲಿ ತಾನು ಬರೆದ −50 ನೋಡಿದಳು. ಅವಳು ಕಣ್ಣು ಮುಚ್ಚಿ ಮುಚ್ಚಳ ತಿರುಗಿಸಿದಳು. ನೂರು ಈ ಕಡೆ, ಐವತ್ತು ಆ ಕಡೆ. ಬೇರೆ ದಾರಿಯೇ ಇರಲಿಲ್ಲ. ಗಾಜನ್ನು ಎಡಗಡೆಯ ತಟ್ಟೆಯಲ್ಲಿಟ್ಟಳು.

"ಶುರುವಾಯ್ತು ನೋಡಿ!" ಎಂದ ಉಜ್ಜಣ್ಣ ಬಾಗಿಲಿನಿಂದ. "ಇನ್ನು ಹನ್ನೆರಡೂ ಆ ಕಡೇನೇ!"

"ಇದು ನಿನ್ನ ತಪ್ಪು, ಉಜ್ಜಣ್ಣ," ಎಂದಳು ಅವಳು. ದನಿ ಈ ಸಲ ಅವಳಿಗೆ ಚೆನ್ನಾಗಿ ಕೇಳಿಸಿತು. "ಚೀಟೀಲಿ ಪ್ಲಸ್ ಐವತ್ತು ಅಂತ ಇದೆ. ನೀನು ಮೈನಸ್ ಐವತ್ತು ಅಂತ ಉಜ್ಜಿದ್ದೀಯ."

"ನಮ್ಮ ಕೋಣೇಲಿ ಪ್ಲಸ್ಸು ಎಲ್ಲಿಂದ ಬಂತು? ಬಂದಿದ್ರೆ ನೀಲಿ ಸುತ್ತು ಇರ್ತಿತ್ತು!"

ಮೇಸ್ತ್ರಿ ಎದ್ದು ಬಂದರು. ಕಾರ್ಡು ಓದಿದರು. ಕೊಳವೆಗೆ ಕಣ್ಣು ಹಚ್ಚಿ ಚಕ್ರವನ್ನು ಬಹಳ ಹೊತ್ತು ಅತ್ತಿತ್ತ ತಿರುಗಿಸಿದರು. ಕಣ್ಣು ತೆಗೆದಾಗ ಅವರ ಮುಖದಲ್ಲಿ ನಗುವಿತ್ತು.

"ದುರ್ಬೀನಕ್ಕ ಹೇಳಿದ್ದು ಸರಿ," ಎಂದರು. "ನಾನಾಗಿದ್ರೆ ಅಭ್ಯಾಸಬಲದಲ್ಲಿ ನೂರೈವತ್ತು ಅಂದ್ಕೊಂಡು ಪಾಸ್ ಮಾಡಿಬಿಡ್ತಿದ್ದೆ. ಆ ಕನ್ನಡಕ ಹಾಕ್ಕೊಂಡವರು ಮೆಟ್ಟಿಲು ಎಲ್ಲಿದೆ ಅಂತ ಕಾಲಲ್ಲೇ ಹುಡುಕಬೇಕಾಗಿತ್ತು. ಮನೆ ಮಗಳು ಅಂತ ಹೆಸರು ಕರೀದೇ ಇದ್ದದ್ದು ನನ್ನ ತಪ್ಪು ಕಣಮ್ಮಾ."

ಉಜ್ಜಣ್ಣ ಗಾಜನ್ನು ತೆಗೆದುಕೊಂಡು ಒಂದು ಕ್ಷಣ ನೋಡಿದ. "ಒಂದೇ ತಾನೇ," ಎಂದು ಗೊಣಗಿದ. ಆಮೇಲೆ, "ನಿನ್ನೆ ಹನ್ನೊಂದು, ಇವತ್ತು ಒಂದು. ಒಟ್ಟು ಹನ್ನೆರಡು. ನನ್ನ ಒಂದು ತಟ್ಟೆ ಪೂರ್ತಿ ಕೆಟ್ಟಿತು ಅಂತ ಬರ್ಕೊಳ್ಳಿ."

"ನಿನ್ನೇದು ನನ್ನ ಮೈನಸ್ಸು, ಇವತ್ತಿಂದು ನಿನ್ನದು," ಎಂದಳು ಅವಳು. "ಅವನ್ನ ಕೂಡಿಸೋ ಹಾಗಿಲ್ಲ."

ಸಣ್ಣ ಯಜಮಾನಿ ಗಟ್ಟಿಯಾಗಿ ನಕ್ಕಳು. ಉಳಿದ ಮೂರು ಗಾಜುಗಳನ್ನು ಮುಗಿಸುವ ತನಕ ಕಾದಳು. ಮೂರೂ ಪಾಸಾದವು. ಅವಳು ಜಡೆಯಿಂದ ಪೆನ್ನು ಎಳೆದು, ಮಡಿಲಲ್ಲಿದ್ದ ಹಾಳೆಯ ಮೇಲೆ ಹೆಸರು ಬರೆದಳು. ನಿಜವಾದ ಹೆಸರು. "ಶುಕ್ರವಾರದವರೆಗೆ ಯಾಕೆ ಕಾಯ್ಬೇಕು," ಎಂದಳು. "ಸೋಮವಾರದಿಂದ ಕಿಟಕಿ ನಿಮ್ಮದು."

ಮೇಸ್ತ್ರಿ ತಮ್ಮ ಜೇಬಿನಿಂದ ಮೋಟು ನೀಲಿ ಪೆನ್ಸಿಲನ್ನು ತೆಗೆದು ಅವಳ ಮೇಜಿನ ಮೇಲಿಟ್ಟರು. ಅದು ಹೆಬ್ಬೆರಳಿನಷ್ಟೂ ಉದ್ದವಿರಲಿಲ್ಲ. "ಇನ್ನು ಇದಕ್ಕೆ ಕೆಲಸ ಇಲ್ಲ," ಎಂದರು. "ಆದ್ರೂ ಇಟ್ಕೊಂಡಿರು."

*

ಅವತ್ತು ಅವಳು ಬಸ್ ನಿಲ್ದಾಣಕ್ಕೆ ಎಂದಿಗಿಂತ ನಿಧಾನವಾಗಿ ನಡೆದಳು. ದಾರಿಯಲ್ಲಿ ಬಟ್ಟೆಯಂಗಡಿಗೆ ಹೋಗಿ ದಿಂಬಿಗೆಂದು ಹಸಿರು ಬಟ್ಟೆ ಕೊಂಡಳು. ಕೊಳವೆಯೊಳಗಿನ ಹಸಿರಿನದೇ ಬಣ್ಣ. ಅಂಗಡಿಯವನು ಎಷ್ಟು ಎಂದು ಕೇಳಿದಾಗ, "ಎರಡು ಗೇಣು, ಮೇಲೆ ನಾಲ್ಕು ಬೆರಳು. ಹೊಲಿಗೆಗೆ ಒಂದು ಬೆರಳು ಕಳೆಯತ್ತೆ, ಅದಕ್ಕೆ ಒಂದು ಸೇರಿಸಿ," ಎಂದಳು. ಅವನು ಮೀಟರಿನ ಲೆಕ್ಕ ಕೇಳಿದ. ಅದನ್ನೂ ಹೇಳಿದಳು.

ನಿಲ್ದಾಣದ ಪಕ್ಕದಲ್ಲಿ ದೊಡ್ಡವರಿಗಾಗಿ ನಡೆಸುವ ಸಂಜೆ ಶಾಲೆಯಿತ್ತು. ಅದರ ಗೇಟಿನ ಮೇಲೆ ಪ್ರತಿವರ್ಷವೂ ಈ ಹೊತ್ತಿಗೆ ಒಂದು ಹಲಗೆ ತೂಗುತ್ತದೆ. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಉಳಿದುಹೋದ ವಿಷಯವನ್ನು ಮತ್ತೆ ಬರೆಯುವವರು ಅರ್ಜಿ ಹಾಕಬಹುದು, ಒಂದೇ ವಿಷಯವಾದರೂ ಸರಿ. ಆ ಹಲಗೆಯನ್ನು ಅವಳು ಎಷ್ಟು ವರ್ಷ ನೋಡಿದ್ದಳೋ ಅಷ್ಟು ವರ್ಷವೂ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದ್ದಳು. ಇವತ್ತು ಪೂರ್ತಿ ಓದಿದಳು. ಕೊನೆಯ ದಿನಾಂಕ ಮುಂದಿನ ತಿಂಗಳ ಹದಿನಾಲ್ಕು. ಪಾಠ ವಾರಕ್ಕೆ ಎರಡು ಸಂಜೆ, ಕಾರ್ಖಾನೆ ಬಿಟ್ಟ ಅರ್ಧ ಗಂಟೆಗೆ. ಬಸ್ಸು ಬಂದು ನಿಂತು, ಹೋಯಿತು. ಅವಳು ಮುಂದಿನದಕ್ಕೆ ಹತ್ತಿದಳು.

ಮನೆಯಲ್ಲಿ ನಾದಿನಿ ಆಗಲೇ ಬಂದಿದ್ದಳು. ಉಪ್ಪಿನ ಮುಚ್ಚಳದ ಅಂಚಿನ ತುಂಬ ಬಣ್ಣದ ಗುರುತುಗಳು.

"ಮೂರನೇ ಬೆಂಚಿನವಳು ತಾನೇ ಎದ್ದು ಬಂದು ತಿರುಗಿಸಿದ್ಲು ಅತ್ತಿಗೆ! ತಪ್ಪು ಮಾಡ್ದೋರು ಏಳೇ ಜನ. ಇದು ಯಾರು ಹೇಳ್ಕೊಟ್ಟಿದ್ದು ಮಿಸ್ ಅಂದ್ರು. ನಮ್ಮ ಅತ್ತಿಗೆ ಅಂದೆ."

ಅವಳು ಕಿಟಕಿಯ ಕುರ್ಚಿಯ ಸುದ್ದಿ ಹೇಳಿದಳು. ನಾದಿನಿ ಕುಣಿದೇ ಬಿಟ್ಟಳು. ಅಣ್ಣನಿಗೆ ಫೋನು ಮಾಡಿದಳು. ಅವನು ಬಸ್ಸು ಡಿಪೋದಲ್ಲಿದ್ದ. "ಈಗ ನಮ್ಮನೇಲಿ ಇಬ್ಬರು ಲೆಕ್ಕದವರು. ನಾನು ಬಸ್ಸಲ್ಲೇ ಮಲಗ್ತೀನಿ!" ಎಂದು ಅವನು ಕೂಗಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಅವಳು ನಗುತ್ತ ಒಲೆ ಹಚ್ಚಿದಳು.

ಡಬ್ಬಿಯ ಉಪ್ಪು ತಟ್ಟೆಯ ಸಂದಿನಿಂದ ಗಾಳಿ ಹೊಕ್ಕು ಗಟ್ಟಿಯಾಗಿತ್ತು. ಚಮಚದ ಹಿಡಿಯಿಂದ ಕುಟ್ಟಿ ಬಿಡಿಸಿದಳು. ಕಟ್ಟೆಯ ಮೂಲೆಯಲ್ಲಿ ಪುಸ್ತಕ ನಿನ್ನೆ ಇಟ್ಟಲ್ಲೇ ಇತ್ತು. ಬೀಜೋಕ್ತಿಗಳ ಪಾಠ ನಾಲ್ಕನೆಯದು, ಅದರ ಮುಂದೆ ಇನ್ನೂ ಹನ್ನೊಂದು ಪಾಠಗಳಿದ್ದವು. ವಾರಕ್ಕೆ ಎರಡು ಸಂಜೆ ತಡವಾಗುವುದಕ್ಕೆ ಹೊಸ ಕುರ್ಚಿಯ ಹೊಸ ಕೆಲಸ ಒಳ್ಳೆಯ ಕಾರಣವಾದೀತು. ಈ ಮನೆಯ ಮಟ್ಟಿಗೆ ಅವಳು ಇಪ್ಪತ್ತೇಳು ವರ್ಷದ ಹಿಂದೆಯೇ ಪಾಸಾದವಳು. ಪಾಸಾದವಳು ಮತ್ತೆ ಪಾಸಾಗಲು ಹೊರಟಿದ್ದೇನೆಂದು ಯಾರಿಗೆ ಹೇಳುವುದು?

"ಒಬ್ಬರೇ ಯಾಕೆ ನಗ್ತಿದ್ದೀರಿ?" ಎಂದು ನಾದಿನಿ ಬಾಗಿಲಲ್ಲಿ ಇಣುಕಿ ಕೇಳಿದಳು.

"ಏನಿಲ್ಲ. ನಿನ್ನ ಅರ್ಧ ಕ್ಲಾಸಿನ ದೆಸೆಯಿಂದ ನಮ್ಮ ಉಪ್ಪು ಕಲ್ಲಾಗಿದೆ."

ಹದಿನಾಲ್ಕನೆಯ ತಾರೀಖಿಗೆ ಕಾಯುವುದು ಬೇಡ, ಸೋಮವಾರವೇ ಅರ್ಜಿ ತರುವುದು ಎಂದುಕೊಂಡು ಅವಳು ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿದಳು.